ಕೇಳುವ ವಿಧೇಯತೆ

ಅಧಿಕಾರಕ್ಕೆ ಕ್ರೈಸ್ತನಾದವನು ಎಲ್ಲಿಯವರೆಗೆ ತಲೆಬಾಗಬೇಕು? ಇದು ಗುರುಮಠದ ತರಗತಿಗಳಲ್ಲಿ ಮಾತ್ರ ಚರ್ಚೆಯಾಗುವ ಪ್ರಶ್ನೆಯಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ತಾಲೂಕುಗಳ ಹಳ್ಳಿಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಇದು ಬಾಗಿಲಿಗೇ ಬಂದು ನಿಂತ ಪ್ರಶ್ನೆ. ಕಂದಾಯ ಇಲಾಖೆಯ ಅಧಿಕಾರಿಗಳು ಪೊಲೀಸರೊಡನೆ ನಮ್ಮ ಸ್ಮಶಾನಕ್ಕೆ ಬಂದಾಗ ಏನು ಮಾಡಬೇಕು? ಧರ್ಮಾಧ್ಯಕ್ಷರು ತಾಳ್ಮೆಯಿಂದಿರಿ ಎಂದು ಹೇಳಿದಾಗ ಆ ತಾಳ್ಮೆಯ ಅರ್ಥವೇನು? ಧರ್ಮಕೇಂದ್ರದ ಗುರುಗಳು ಕೈಗೊಂಡ ತೀರ್ಮಾನ ಸರಿಯಿಲ್ಲವೆಂದು ಅನಿಸಿದಾಗ ಮನೆಯಲ್ಲಿ ಗೊಣಗಬೇಕೇ, ಬೀದಿಗೆ ಬರಬೇಕೇ, ಇಲ್ಲ ಬಾಯಿ ಮುಚ್ಚಿಕೊಂಡಿರಬೇಕೇ?

ಇದಕ್ಕೆ ನಮ್ಮ ಮನೆಗಳಲ್ಲೇ ಎರಡು ಉತ್ತರಗಳು ಕೇಳಿಬರುತ್ತವೆ. "ಮೇಲಿನವರು ಹೇಳಿದ್ದಾರೆ, ಮುಗಿಯಿತು" ಎನ್ನುವವರು ಹಿರಿಯರು. "ಹೀಗೆ ತಗ್ಗಿ ತಗ್ಗಿಯೇ ನಾವು ಕಳೆದುಕೊಂಡೆವು" ಎನ್ನುವವರು ಕಿರಿಯರು. ಇಬ್ಬರೂ ವಿಧೇಯತೆಯನ್ನು ಮೌನವೆಂದೇ ತಿಳಿದಿದ್ದಾರೆ. ಒಬ್ಬರು ಆ ಮೌನವನ್ನು ಪುಣ್ಯವೆನ್ನುತ್ತಾರೆ, ಇನ್ನೊಬ್ಬರು ಹೇಡಿತನವೆನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಆದರೆ ಧರ್ಮಸಭೆ ಕಲಿಸುವ ವಿಧೇಯತೆ ಮೌನವಲ್ಲ ಎಂಬುದು ನಮ್ಮ ಅಭಿಪ್ರಾಯ. ಅದನ್ನು ನಮ್ಮ ನೆಲದಲ್ಲೇ ನಡೆದ ಒಂದು ಪ್ರಕರಣದ ಆಧಾರದ ಮೇಲೆ ಪರಿಶೀಲಿಸುವುದು ಒಳಿತು.

ಮಹಿಮಾಬೆಟ್ಟದಲ್ಲಿ ನಡೆದದ್ದು

ದೇವನಹಳ್ಳಿ ತಾಲೂಕಿನ ದೊಡ್ಡಸಾಗರಹಳ್ಳಿಯ ಬಳಿಯ ಬೆಟ್ಟವನ್ನು ನಮ್ಮವರು ಮಹಿಮಾಬೆಟ್ಟವೆಂದು ಕರೆಯುತ್ತಾರೆ. ಕ್ರೈಸ್ತರ ಸ್ಮಶಾನಕ್ಕೆಂದು ಸರಕಾರ ಅಲ್ಲಿ ಸುಮಾರು ನಾಲ್ಕೂವರೆ ಎಕರೆ ಭೂಮಿ ನೀಡಿತ್ತು. ಸುತ್ತಲಿನ ವಿಶ್ವಾಸಿಗಳು ದಶಕಗಳಿಂದ ಅಲ್ಲಿ ಪ್ರಾರ್ಥಿಸುತ್ತ ಬಂದಿದ್ದರು. ಹನ್ನೆರಡು ಅಡಿ ಎತ್ತರದ ಯೇಸುಸ್ವಾಮಿಯ ಪ್ರತಿಮೆಯೂ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳೂ ಅಲ್ಲಿ ಸ್ಥಾಪನೆಯಾಗಿದ್ದವು. 2020ರ ಮಾರ್ಚ್ 3ರಂದು, ತಪಸ್ಸು ಕಾಲ ಆರಂಭವಾಗಿ ಒಂದು ವಾರವಾಗುವ ಮೊದಲೇ, ಅಧಿಕಾರಿಗಳು ಪೊಲೀಸರ ನೆರವಿನಿಂದ ಪ್ರತಿಮೆಯನ್ನು ಅಲ್ಲಿಂದ ತೆಗೆಸಿದರು. ಶಿಲುಬೆ ಹಾದಿಯ ಸ್ಥಳಗಳಿಗೂ ಅದೇ ಗತಿಯಾಯಿತು. ಊರಿನವರಲ್ಲದ ಕೆಲವರು ಆಕ್ಷೇಪವೆತ್ತಿದ್ದರು; ಅವರ ಒತ್ತಡಕ್ಕೆ ಆಡಳಿತ ಮಣಿಯಿತೆಂದು ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದ ಪೂಜ್ಯ ಪೀಟರ್ ಮಚಾಡೊ ಅವರು ಬಹಿರಂಗವಾಗಿ ಖಂಡಿಸಿದರು. ಊರಿನ ಸೌಹಾರ್ದಕ್ಕೂ ಸಂವಿಧಾನ ನೀಡಿದ ಧಾರ್ಮಿಕ ಸ್ವಾತಂತ್ರ್ಯಕ್ಕೂ ಇದರಿಂದ ಪೆಟ್ಟು ಬಿದ್ದಿದೆಯೆಂದರು. ಪ್ರತಿಮೆಯನ್ನು ಮರಳಿ ಸ್ಥಾಪಿಸಬೇಕೆಂದು ಮಹಾಧರ್ಮಪ್ರಾಂತದ ಕಡೆಯಿಂದ ಒತ್ತಾಯ ಬಂತು.

ಈ ಘಟನೆ ಬರಿದಾದ ಆಕಾಶದಿಂದ ಬಿದ್ದ ಸಿಡಿಲಲ್ಲ. ಅದಕ್ಕೆ ಎರಡು ತಿಂಗಳ ಹಿಂದಿನಿಂದಲೇ ಹವೆ ಬಿಸಿಯಾಗಿತ್ತು. 2007ರವರೆಗೆ ನಮ್ಮ ಗ್ರಾಮಾಂತರ ಜಿಲ್ಲೆಗೇ ಸೇರಿದ್ದ ಕನಕಪುರ ತಾಲೂಕಿನ ಹಾರೋಬೆಲೆಯ ಕಪಾಲಿಬೆಟ್ಟದಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ 2019ರ ಕ್ರಿಸ್ಮಸ್ ದಿನ ಶ್ರೀ ಡಿ. ಕೆ. ಶಿವಕುಮಾರ್ ಅವರು ಶಂಕುಸ್ಥಾಪನೆ ನೆರವೇರಿಸಿದ್ದರು. ಅದು ಗೋಮಾಳವಾಗಿದ್ದ ಭೂಮಿಯೆಂಬ ವಿವಾದವೆದ್ದು, 2020ರ ಜನವರಿಯಲ್ಲಿ ಕನಕಪುರದಲ್ಲಿ ದೊಡ್ಡ ಪ್ರತಿಭಟನಾ ಮೆರವಣಿಗೆ ನಡೆಯಿತು. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಬೆಟ್ಟದ ಮೇಲಿನ ಶಿಲುಬೆ, ಪ್ರತಿಮೆಗಳೆಲ್ಲವನ್ನೂ ಶಂಕೆಯಿಂದ ನೋಡುವ ಕಣ್ಣು ಆಗಲೇ ತೆರೆದಿತ್ತು. ಆ ಕಣ್ಣಿಗೆ ಮಹಿಮಾಬೆಟ್ಟವೂ ಬಿತ್ತು. ಎರಡೂ ಬೆಟ್ಟಗಳ ಕತೆ ಬೇರೆ ಬೇರೆಯಾದರೂ ದೂರದಿಂದ ನೋಡುವವರಿಗೆ ಅವು ಒಂದೇ ಆಗಿ ಕಂಡವು.

ಆ ತಪಸ್ಸು ಕಾಲ ನಮಗೆ ಇನ್ನೊಂದು ಪರೀಕ್ಷೆಯನ್ನೂ ತಂದೊಡ್ಡಿತು. ಅದೇ ತಿಂಗಳ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಗರಿಗಳ ಭಾನುವಾರವೂ ಪವಿತ್ರ ಗುರುವಾರವೂ ಏಪ್ರಿಲ್ 12ರ ಪಾಸ್ಖ ಹಬ್ಬವೂ ಜನರಿಲ್ಲದ ದೇವಾಲಯಗಳಲ್ಲಿ ನಡೆದವು. ಹೀಗೆ ಒಂದೇ ತಪಸ್ಸು ಕಾಲದಲ್ಲಿ ನಮ್ಮ ಜನ ಸರಕಾರದ ಎರಡು ಆಜ್ಞೆಗಳಿಗೆ ಒಳಪಟ್ಟರು. ದೇವಾಲಯದ ಬಾಗಿಲು ಮುಚ್ಚೆಂಬ ಆಜ್ಞೆಗೆ ಧರ್ಮಾಧ್ಯಕ್ಷರಿಂದ ಹಿಡಿದು ಕಟ್ಟಕಡೆಯ ವಿಶ್ವಾಸಿಯವರೆಗೆ ಎಲ್ಲರೂ ಮನಃಪೂರ್ವಕ ಒಪ್ಪಿದರು. ಪ್ರತಿಮೆ ತೆಗೆಯುವ ಆಜ್ಞೆಯನ್ನು ಕೈ ಎತ್ತಿ ತಡೆಯಲಿಲ್ಲವಾದರೂ ಮನಸ್ಸಿನಿಂದ ಒಪ್ಪಲಿಲ್ಲ. ಎರಡೂ ಬಂದದ್ದು ಅದೇ ಸರಕಾರದಿಂದ. ಒಂದಕ್ಕೆ ಒಪ್ಪಿ ಇನ್ನೊಂದನ್ನು ಪ್ರಶ್ನಿಸಿದ್ದು ಇಬ್ಬಂದಿತನವೇ? ಅಲ್ಲ. ಮೊದಲನೆಯ ಆಜ್ಞೆ ಎಲ್ಲ ಧರ್ಮದವರಿಗೂ ಸಮನಾಗಿತ್ತು. ಅದರ ಕಾರಣ ಎಲ್ಲರಿಗೂ ತಿಳಿದಿತ್ತು. ಅದರ ಗುರಿ ಜೀವಗಳನ್ನು ಉಳಿಸುವುದಾಗಿತ್ತು. ಎರಡನೆಯದರಲ್ಲಿ ಸಮಾನತೆಯೂ ಕಾರಣವೂ ಗುರಿಯೂ ಪ್ರಶ್ನಾರ್ಹವಾಗಿದ್ದವು. ವಿಧೇಯನಾದವನು ಈ ಭೇದವನ್ನು ಕಾಣದಿದ್ದರೆ ಅವನ ವಿಧೇಯತೆಯಲ್ಲಿ ವಿವೇಕವಿಲ್ಲ.

ಕಾನೂನು ಏನು ಹೇಳುತ್ತದೆ

ಆದರೂ ಭಾವನೆಯನ್ನು ಬದಿಗಿಟ್ಟು ಕಾನೂನಿನ ಮಾತನ್ನೂ ನಾವು ಆಲಿಸಬೇಕು. ಸಾರ್ವಜನಿಕ ಸ್ಥಳಗಳಲ್ಲಿ ಇನ್ನು ಮುಂದೆ ಅನುಮತಿಯಿಲ್ಲದೆ ಯಾವ ಧರ್ಮದ ಕಟ್ಟಡವೂ ಏಳಕೂಡದೆಂದು ಸರ್ವೋಚ್ಚ ನ್ಯಾಯಾಲಯ 2009ರ ಸೆಪ್ಟೆಂಬರ್ 29ರಂದು ಆದೇಶಿಸಿದೆ. ಈಗಾಗಲೇ ಇರುವವುಗಳನ್ನು ಒಂದೊಂದಾಗಿ ಪರಿಶೀಲಿಸಿ ರಾಜ್ಯಗಳು ತೀರ್ಮಾನಿಸಬೇಕೆಂಬುದು ಆ ಆದೇಶದ ಇನ್ನೊಂದು ಭಾಗ. ಸ್ಮಶಾನಕ್ಕೆಂದು ಮಂಜೂರಾದ ಭೂಮಿಯಲ್ಲಿ ಪ್ರತಿಮೆ ನಿಲ್ಲಿಸಬಹುದೇ ಎಂಬ ಪ್ರಶ್ನೆಗೆ ನಮ್ಮ ಕಡೆಯಿಂದ ಸಮರ್ಥವಾದ ಉತ್ತರವಿದೆ: ಕ್ರೈಸ್ತರ ಸ್ಮಶಾನದಲ್ಲಿ ಶಿಲುಬೆಯೂ ಪ್ರಾರ್ಥನಾ ಸ್ಥಳವೂ ಇರುವುದು ಸತ್ತವರ ಮೇಲಿನ ನಮ್ಮ ವಿಶ್ವಾಸದ ಅಂಗವೇ ಆಗಿದೆ. ಆದರೆ ಆ ಉತ್ತರವನ್ನು ಕಾಗದದ ಮೇಲೆ, ಸರಿಯಾದ ಕಚೇರಿಯಲ್ಲಿ, ಸರಿಯಾದ ಹೊತ್ತಿನಲ್ಲಿ ಹೇಳಬೇಕಾಗುತ್ತದೆ. ಪೊಲೀಸರ ವಾಹನ ಬೆಟ್ಟವೇರಿದ ಮೇಲೆ ಹೇಳಿದರೆ ಅದು ಅಳಲಾಗಿ ಕೇಳಿಸುತ್ತದೆಯೇ ಹೊರತು ವಾದವಾಗಿ ಕೇಳಿಸದು.

ಇದೇ ವಿಷಯದಲ್ಲಿ ಮುಂದೆ ನಡೆದದ್ದನ್ನು ನೋಡಿ. 2021ರ ಸೆಪ್ಟೆಂಬರ್‌ನಲ್ಲಿ ನಂಜನಗೂಡು ತಾಲೂಕಿನ ಹುಚ್ಚಗಣಿ ಗ್ರಾಮದ ಮಹದೇವಮ್ಮ ದೇವಸ್ಥಾನವನ್ನು ಅದೇ ಸರ್ವೋಚ್ಚ ನ್ಯಾಯಾಲಯದ ಆದೇಶದ ಹೆಸರಿನಲ್ಲಿ ಕೆಡವಲಾಯಿತು. ರಾಜ್ಯದಲ್ಲಿ ಆಕ್ರೋಶವೆದ್ದಿತು. ಕೆಲವೇ ದಿನಗಳಲ್ಲಿ ವಿಧಾನಮಂಡಲ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಮಸೂದೆಯನ್ನು ಅಂಗೀಕರಿಸಿತು. ಆ ಕಾಯಿದೆ ಜಾರಿಗೆ ಬಂದ ದಿನದಂದು ಸಾರ್ವಜನಿಕ ಸ್ಥಳದಲ್ಲಿದ್ದ ದೇವಸ್ಥಾನ, ಚರ್ಚು, ಮಸೀದಿ ಮುಂತಾದವುಗಳಿಗೆ ಅದು ರಕ್ಷಣೆಯೊದಗಿಸುತ್ತದೆ. ಆದರೆ ಅದಕ್ಕೆ ಮೊದಲೇ ತೆಗೆದುಹಾಕಿದ ರಚನೆಗಳಿಗೆ ಆ ರಕ್ಷಣೆ ಒದಗದು. ಒಂದೂವರೆ ವರ್ಷದ ಅಂತರದಲ್ಲಿ ಆಡಳಿತದ ನಿಲುವು ಹೀಗೆ ತಿರುಗಿತು. ಇದರಿಂದ ನಾವು ತಿಳಿಯಬೇಕಾದುದು ಇಷ್ಟು: ಅಧಿಕಾರವೆಂಬುದು ಕಲ್ಲಿನ ಗೋಡೆಯಲ್ಲ. ಜನರ ದನಿ ಅದನ್ನು ತಲುಪುತ್ತದೆ. ದನಿಯೆತ್ತಿದವರ ನೋವಿಗೆ ಕಾಯಿದೆಯಲ್ಲಿ ಸ್ಥಳ ಸಿಗುತ್ತದೆ, ಮೌನವಾಗಿದ್ದವರ ನೋವಿಗೆ ಸಿಗುವುದಿಲ್ಲ.

ಪ್ರೇಷಿತರು ಕಲಿಸಿದ ವಿಧೇಯತೆ

ಅಧಿಕಾರಕ್ಕೆ ಅಧೀನರಾಗಿರುವುದರ ಬಗ್ಗೆ ಮಾತು ಬಂದಾಗಲೆಲ್ಲ ಸಂತ ಪೌಲರು ರೋಮನರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯವನ್ನು ಉದಾಹರಿಸುವುದು ವಾಡಿಕೆ. ಅಧಿಕಾರದ ಮೂಲ ದೇವರಲ್ಲಿದೆ, ಆದುದರಿಂದ ಅದನ್ನು ಗೌರವಿಸಿ, ತೆರಿಗೆ ಕೊಡಬೇಕಾದವರಿಗೆ ತೆರಿಗೆ ಕೊಡಿ ಎಂಬುದು ಅದರ ಸಾರ. ಸಂತ ಪೇತ್ರರ ಮೊದಲನೆಯ ಪತ್ರವೂ ಇದೇ ಬೋಧೆಯನ್ನು ನೀಡುತ್ತದೆ. ಹಿಬ್ರಿಯರಿಗೆ ಬರೆದ ಪತ್ರದ ಕೊನೆಯಲ್ಲಿ ಧಾರ್ಮಿಕ ನಾಯಕರಿಗೂ ವಿಧೇಯರಾಗಿರಬೇಕೆಂಬ ಉಪದೇಶವಿದೆ. ಈ ಬೋಧನೆಗಳನ್ನು ನಾವು ಯಾವ ಕಾರಣಕ್ಕೂ ತೆಳುಗೊಳಿಸಬಾರದು. ಅಧಿಕಾರವಿಲ್ಲದ ಸಮಾಜದಲ್ಲಿ ಮೊದಲು ತುಳಿತಕ್ಕೊಳಗಾಗುವವರು ಬಡವರು ಮತ್ತು ಅಲ್ಪಸಂಖ್ಯಾತರೇ. ಕಾನೂನಿನ ಆಳ್ವಿಕೆ ನಮ್ಮಂಥವರಿಗೆ ಆಶ್ರಯ.

ಆದರೆ ಆ ಮಾತನ್ನು ಬರೆದ ಪೌಲರ ನಡೆಯನ್ನೂ ಜೊತೆಗೆ ಓದಬೇಕು. ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಅವರನ್ನು ಛಡಿಯಿಂದ ಹೊಡೆಸಿ ಸೆರೆಗೆ ಹಾಕಲಾಗಿತ್ತು. ಮರುದಿನ ಗುಟ್ಟಾಗಿ ಬಿಟ್ಟುಕಳುಹಿಸಲು ಅಧಿಕಾರಿಗಳು ಮುಂದಾದಾಗ ಪೌಲರು ಒಪ್ಪಲಿಲ್ಲ. ತಾವು ರೋಮಿನ ಪೌರರೆಂದು ತಿಳಿಸಿ, ಅಧಿಕಾರಿಗಳು ತಾವೇ ಬಂದು ತಮ್ಮನ್ನು ಹೊರಗೆ ಕರೆದೊಯ್ಯಬೇಕೆಂದು ಪಟ್ಟುಹಿಡಿದರು. ಮುಂದೆ ಸೆಜರೇಯದಲ್ಲಿ ರಾಜ್ಯಪಾಲ ಫೆಸ್ತನ ಎದುರಿನಲ್ಲಿ ಚಕ್ರವರ್ತಿಗೇ ಮೇಲ್ಮನವಿ ಸಲ್ಲಿಸಿದರು. ಇವು ಪ್ರೇಷಿತರ ಕಾರ್ಯಕಲಾಪಗಳಲ್ಲಿ ದಾಖಲಾದ ಸಂಗತಿಗಳು. ಪೌಲರು ಕಲ್ಲು ತೂರಲಿಲ್ಲ, ಸೆರೆಮನೆಯ ಬಾಗಿಲು ಮುರಿಯಲಿಲ್ಲ, ಅಧಿಕಾರಿಯನ್ನು ಶಪಿಸಲಿಲ್ಲ. ತಮಗಿದ್ದ ಹಕ್ಕನ್ನು ಕಾನೂನಿನ ಭಾಷೆಯಲ್ಲೇ ಕೇಳಿದರು. ಅದರ ಜೊತೆಗೆ, ಯೇಸುವಿನ ಹೆಸರಿನಲ್ಲಿ ಬೋಧಿಸಲೇಬಾರದೆಂದು ಯೆಹೂದ್ಯರ ನ್ಯಾಯಸಭೆ ತಡೆದಾಗ ಪೇತ್ರರೂ ಇತರ ಪ್ರೇಷಿತರೂ ಮನುಷ್ಯರಿಗಿಂತ ದೇವರಿಗೆ ಮೊದಲು ವಿಧೇಯರಾಗಬೇಕೆಂದು ಉತ್ತರಿಸಿದ್ದನ್ನೂ ನೆನೆಯಬೇಕು.

ನಮ್ಮ ಕನ್ನಡವೂ ಈ ಸತ್ಯವನ್ನು ಬಲ್ಲದು. 'ಹೇಳಿದ ಮಾತು ಕೇಳು' ಎಂದು ಮಕ್ಕಳಿಗೆ ವಿಧೇಯತೆ ಕಲಿಸುತ್ತೇವೆ. ಅದೇ ಮಾತಿನಿಂದ ಪ್ರಶ್ನೆ ಕೇಳುತ್ತೇವೆ, ನ್ಯಾಯ ಕೇಳುತ್ತೇವೆ, ದೇವರಲ್ಲಿ ವರವನ್ನೂ ಕೇಳುತ್ತೇವೆ. ಆಲಿಸುವುದೂ ಕೇಳುವುದೇ, ಬೇಡುವುದೂ ಕೇಳುವುದೇ. ಆಲಿಸದೆ ಬರೀ ಪ್ರಶ್ನಿಸುವವನದು ಉದ್ಧಟತನ. ಪ್ರಶ್ನಿಸದೆ ಬರೀ ಆಲಿಸುವವನದು ದಾಸ್ಯ. ಎರಡನ್ನೂ ಮಾಡುವವನು ಮಗನಂತೆ ವಿಧೇಯ.

ಧರ್ಮಸಭೆಯ ಒಳಗೆ

ಸರಕಾರದೆದುರು ನಮ್ಮ ದನಿ ಕುಗ್ಗಿರುವುದಕ್ಕೆ ಒಂದು ಕಾರಣ ಧರ್ಮಸಭೆಯ ಒಳಗೇ ನಾವು ದನಿಯನ್ನು ಬಳಸಲು ಕಲಿಯದಿರುವುದು. 1983ರಲ್ಲಿ ಪ್ರಕಟವಾದ ಧರ್ಮಸಭೆಯ ಕಾನೂನು ಸಂಹಿತೆಯ 212ನೆಯ ವಿಧಿಯನ್ನು ಎಷ್ಟು ಮಂದಿ ಶ್ರೀಸಾಮಾನ್ಯರು ಬಲ್ಲರು? ಅದರ ಮೊದಲನೆಯ ಭಾಗ, ಪಾಲಕರು ಕ್ರಿಸ್ತನ ಪ್ರತಿನಿಧಿಗಳಾಗಿ ಬೋಧಿಸುವುದನ್ನೂ ಮುಖಂಡರಾಗಿ ತೀರ್ಮಾನಿಸುವುದನ್ನೂ ವಿಶ್ವಾಸಿಗಳು ಕ್ರೈಸ್ತ ವಿಧೇಯತೆಯಿಂದ ಅನುಸರಿಸಬೇಕೆಂದು ವಿಧಿಸುತ್ತದೆ. ಎರಡನೆಯ ಭಾಗ, ತಮ್ಮ ಅಗತ್ಯಗಳನ್ನೂ ಆಶಯಗಳನ್ನೂ ಪಾಲಕರಿಗೆ ತಿಳಿಸುವ ಸ್ವಾತಂತ್ರ್ಯ ವಿಶ್ವಾಸಿಗಳಿಗೆ ಇದೆಯೆನ್ನುತ್ತದೆ. ಮೂರನೆಯ ಭಾಗ ಇನ್ನೂ ಮುಂದಕ್ಕೆ ಹೋಗುತ್ತದೆ. ಜ್ಞಾನ ಮತ್ತು ಸಾಮರ್ಥ್ಯವುಳ್ಳವರಿಗೆ ಧರ್ಮಸಭೆಯ ಒಳಿತಿನ ವಿಷಯದಲ್ಲಿ ತಮ್ಮ ಅಭಿಪ್ರಾಯ ತಿಳಿಸುವುದು ಹಕ್ಕು ಮಾತ್ರವಲ್ಲ, ಕೆಲವೊಮ್ಮೆ ಕರ್ತವ್ಯವೂ ಹೌದು. ಆದರೆ ವಿಶ್ವಾಸಕ್ಕೂ ನೀತಿಗೂ ಧಕ್ಕೆ ಬಾರದಂತೆ, ಪಾಲಕರ ಮೇಲಿನ ಗೌರವ ತಪ್ಪದಂತೆ ತಿಳಿಸಬೇಕು. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯ ಬಗ್ಗೆ ಹೊರಡಿಸಿದ ಸಂವಿಧಾನದಲ್ಲೇ ಇದರ ಬೇರುಗಳಿವೆ. ವಿಧೇಯತೆ ಮತ್ತು ಅಭಿಪ್ರಾಯ ಎರಡನ್ನೂ ಒಂದೇ ವಿಧಿಯಲ್ಲಿ ಒಟ್ಟಿಗಿಟ್ಟದ್ದು ಆಕಸ್ಮಿಕವಲ್ಲ.

ಇದಕ್ಕೆ ಸಾಧನಗಳೂ ಇವೆ. ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕೆಂದು ಸಂಹಿತೆಯ 537ನೆಯ ವಿಧಿ ಹೇಳುತ್ತದೆ. ಧರ್ಮಾಧ್ಯಕ್ಷರು ಸೂಕ್ತವೆಂದು ಕಂಡಲ್ಲಿ ಪಾಲನಾ ಸಮಿತಿ ರಚಿಸಬೇಕೆಂಬುದು ಅದಕ್ಕೆ ಹಿಂದಿನ ವಿಧಿ. ವಿಶ್ವಾಸಿಗಳು ಅರ್ಪಿಸಿದ ಕಾಣಿಕೆಗಳ ಲೆಕ್ಕವನ್ನು ಅವರಿಗೇ ಒಪ್ಪಿಸಬೇಕೆಂಬ ನಿಯಮವೂ ಇದೆ. ಆಡಳಿತಾತ್ಮಕ ಆದೇಶವೊಂದರಿಂದ ತನಗೆ ಅನ್ಯಾಯವಾಯಿತೆಂದು ಭಾವಿಸುವವನು ಮೊದಲು ಆದೇಶ ನೀಡಿದವರಿಗೇ ಹತ್ತು ದಿನಗಳ ಅವಧಿಯಲ್ಲಿ ಲಿಖಿತವಾಗಿ ಮನವಿ ಮಾಡಿಕೊಳ್ಳಬೇಕು; ಅದು ಫಲಿಸದಿದ್ದರೆ ಅವರ ಮೇಲಿನವರಲ್ಲಿಗೆ ಹೋಗಬಹುದು. ಮೇಲ್ಮನವಿ ಸಲ್ಲಿಸುವುದನ್ನು ಧರ್ಮಸಭೆ ಅವಿಧೇಯತೆಯೆಂದು ಎಂದೂ ಎಣಿಸಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಸಿಯೆನ್ನಾದ ಸಂತ ಕತರೀನಳು ಅವಿನ್ಯೋನಿನಲ್ಲಿದ್ದ ಪೋಪ್ ಹನ್ನೊಂದನೆಯ ಗ್ರೆಗೊರಿಯವರಿಗೆ ರೋಮಿಗೆ ಹಿಂತಿರುಗಬೇಕೆಂದು ನೇರವಾಗಿ ಬರೆದಳು. ಆಕೆ ಇಂದು ಧರ್ಮಸಭೆಯ ಪಂಡಿತರ ಸಾಲಿನಲ್ಲಿದ್ದಾಳೆ.

ನಮ್ಮ ನಾಡಿನ ಧರ್ಮಸಭೆಯ ಇತಿಹಾಸ ಈ ದಾರಿ ತಪ್ಪಿದಾಗ ಏನಾಗುತ್ತದೆಂಬುದನ್ನೂ ತೋರಿಸುತ್ತದೆ. ಬಲಿಪೂಜೆಯಲ್ಲಿ ಕನ್ನಡಕ್ಕೆ ಸಿಗಬೇಕಾದ ಸ್ಥಾನದ ಬೇಡಿಕೆ ನ್ಯಾಯವಾದದ್ದಾಗಿತ್ತು. ಜನರ ಭಾಷೆಯಲ್ಲಿ ಪೂಜೆ ನಡೆಯಲೆಂದು ಮಹಾಸಭೆಯೇ ಬಾಗಿಲು ತೆರೆದಿತ್ತು. ಆದರೆ ಅದನ್ನು ಹೊತ್ತಿಗೆ ಸರಿಯಾಗಿ ಆಲಿಸುವುದು ಕೆಲವೆಡೆ ತಡವಾಯಿತು. ಕೇಳುವವರ ನಾಲಿಗೆಯೂ ಕೆಲವೊಮ್ಮೆ ಕಹಿಯಾಯಿತು. ಬೆಂಗಳೂರು ಮಹಾಧರ್ಮಪ್ರಾಂತದಲ್ಲಿ ದಶಕಗಳ ಕಾಲ ಉಳಿದ ಆ ಬಿರುಕಿಗೆ ಎರಡು ಕಡೆಯವರೂ ಬೆಲೆ ತೆತ್ತರು. ಇತ್ತ ಮೈಸೂರು ಧರ್ಮಪ್ರಾಂತದಲ್ಲಿ 2019ರಲ್ಲಿ 37 ಗುರುಗಳು ತಮ್ಮ ಧರ್ಮಾಧ್ಯಕ್ಷರ ಮೇಲೆ ಗಂಭೀರ ಆರೋಪಗಳನ್ನು ಮಾಡಿ ಪೋಪ್ ಅವರಿಗೆ ಪತ್ರ ಬರೆದರು. ಧರ್ಮಾಧ್ಯಕ್ಷರು ಆರೋಪಗಳನ್ನು ಅಲ್ಲಗಳೆದರು. 2023ರ ಜನವರಿಯಲ್ಲಿ ಅವರು ಹೊಣೆಯಿಂದ ರಜೆಯ ಮೇಲೆ ತೆರಳಿದರು; ನಿವೃತ್ತ ಮಹಾಧರ್ಮಾಧ್ಯಕ್ಷರಾದ ಪೂಜ್ಯ ಬರ್ನಾರ್ಡ್ ಮೊರಾಸ್ ಅವರನ್ನು ರೋಮ್ ಆಡಳಿತಾಧಿಕಾರಿಯಾಗಿ ನೇಮಿಸಿತು. ತಪ್ಪು ಯಾರದೆಂದು ನಿರ್ಣಯಿಸುವುದು ಈ ಅಂಕಣದ ಕೆಲಸವಲ್ಲ. ವಿಧೇಯತೆಯ ವಚನವಿತ್ತ ಗುರುಗಳೂ ಹೆಸರು ಹಾಕಿ, ಸಹಿ ಮಾಡಿ, ಸರಿಯಾದ ಪೀಠಕ್ಕೆ ಬರೆಯಬಹುದು ಎಂಬುದನ್ನಷ್ಟೇ ಇಲ್ಲಿ ಗಮನಿಸುತ್ತೇವೆ. ಉತ್ತರ ಬರಲು ವರ್ಷಗಳೇ ಹಿಡಿದವೆಂಬುದೂ ನಿಜ. ಅದು ಅಧಿಕಾರದಲ್ಲಿರುವವರು ಯೋಚಿಸಬೇಕಾದ ಮಾತು.

ಅಧಿಕಾರದಲ್ಲಿರುವವರೂ ವಿಧೇಯರಾಗಿರಬೇಕು ಎಂಬುದನ್ನು ಈಚಿನ ವರ್ಷಗಳಲ್ಲಿ ರೋಮ್ ಸ್ಪಷ್ಟವಾಗಿಯೇ ಹೇಳುತ್ತಿದೆ. ಧರ್ಮಾಧ್ಯಕ್ಷರ ವಿರುದ್ಧದ ದೂರುಗಳನ್ನು ವಿಚಾರಿಸುವ ವಿಧಾನವನ್ನು ಪೋಪ್ ಫ್ರಾನ್ಸಿಸ್ 2019ರಲ್ಲಿ ವಿಧಿಸಿ 2023ರಲ್ಲಿ ಶಾಶ್ವತಗೊಳಿಸಿದರು. 2024ರ ಅಕ್ಟೋಬರ್‌ನಲ್ಲಿ ಮುಗಿದ ಧರ್ಮಾಧ್ಯಕ್ಷರ ಸಿನೊಡಿನ ಅಂತಿಮ ದಸ್ತಾವೇಜು ಪಾರದರ್ಶಕತೆ, ಲೆಕ್ಕ ಒಪ್ಪಿಸುವಿಕೆ, ಸಮಾಲೋಚನೆಗಳನ್ನು ಧರ್ಮಸಭೆಯ ಎಲ್ಲ ಮಟ್ಟಗಳಲ್ಲೂ ತರಬೇಕೆಂದು ಕೇಳಿತು. ಯೇಸುಸ್ವಾಮಿ ಕಡೆಯ ಭೋಜನದ ಮೇಜಿನಲ್ಲೇ ಶಿಷ್ಯರಿಗೆ ಹೇಳಿದ್ದು ಇದನ್ನೇ: ಲೋಕದ ಅರಸರಂತೆ ದೊರೆತನ ನಡೆಸಬೇಡಿ, ನಾಯಕನಾದವನು ಸೇವಕನಂತಿರಲಿ.

ಕಾನೂನು ಮತ್ತು ಅಂತಃಸಾಕ್ಷಿ

ಕೆಲವೊಮ್ಮೆ ಕಾನೂನೇ ವಿಶ್ವಾಸದ ಬಾಗಿಲ ಬಳಿ ಕಾವಲು ನಿಲ್ಲುತ್ತದೆ. ಕರ್ನಾಟಕದಲ್ಲಿ 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರ್‌ನಲ್ಲಿ ಕಾಯಿದೆಯಾಗಿ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾನೂನು, ಮತಾಂತರ ಹೊಂದಬಯಸುವವನೂ ವಿಧಿಯನ್ನು ನಡೆಸುವವನೂ 30 ದಿನ ಮುಂಚಿತವಾಗಿ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂದು ವಿಧಿಸಿತು. ಆಕ್ಷೇಪಣೆಗಳನ್ನು ಆಹ್ವಾನಿಸುವ ಪದ್ಧತಿಯನ್ನೂ ತಂದಿತು. ಒಬ್ಬ ಪ್ರೌಢ ವ್ಯಕ್ತಿ ತನ್ನ ಅಂತಃಸಾಕ್ಷಿಯನ್ನು ಸೂಚನಾ ಫಲಕದ ಮೇಲೆ ತೂಗುಹಾಕಬೇಕಾದ ಸ್ಥಿತಿ ಇದು. ಧರ್ಮಾಧ್ಯಕ್ಷರುಗಳು ಮಸೂದೆಯ ಹಂತದಲ್ಲೇ ವಿರೋಧ ಸೂಚಿಸಿದರು. ಕ್ರೈಸ್ತ ಸಂಘಟನೆಗಳು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ದೇಶದಾದ್ಯಂತ ಕ್ರೈಸ್ತರ ಮೇಲಾಗುತ್ತಿರುವ ದಾಳಿಗಳ ಬಗ್ಗೆ ಮಹಾಧರ್ಮಾಧ್ಯಕ್ಷ ಮಚಾಡೊ ಅವರು ಇತರರೊಡನೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2023ರ ಜೂನ್‌ನಲ್ಲಿ ಹೊಸ ಸರಕಾರದ ಸಚಿವ ಸಂಪುಟ ಕಾಯಿದೆಯನ್ನು ರದ್ದುಪಡಿಸಲು ತೀರ್ಮಾನಿಸಿತು. ಆದರೆ ಸಂಪುಟದ ತೀರ್ಮಾನದಿಂದ ಕಾಯಿದೆ ರದ್ದಾಗುವುದಿಲ್ಲ, ವಿಧಾನಮಂಡಲದ ಎರಡೂ ಸದನಗಳು ಒಪ್ಪಬೇಕು ಎಂಬುದನ್ನು ನಮ್ಮ ಜನ ಮರೆಯಬಾರದು.

ಇಲ್ಲಿ ಧರ್ಮಸಭೆ ನಡೆದ ರೀತಿ ಗಮನಾರ್ಹ. ಕಾನೂನು ಮುರಿಯಿರೆಂದು ಯಾವ ಧರ್ಮಾಧ್ಯಕ್ಷರೂ ಕರೆಕೊಡಲಿಲ್ಲ. ಕಾನೂನು ಸರಿಯೆಂದೂ ಹೇಳಲಿಲ್ಲ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಗೊಳಪಟ್ಟು ಧರ್ಮವನ್ನು ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು 25ನೆಯ ಅನುಚ್ಛೇದದಲ್ಲಿ ನೀಡಿದ ಸಂವಿಧಾನವೇ ಈ ನಾಡಿನ ಪರಮಾಧಿಕಾರ. ಸಂವಿಧಾನಕ್ಕೆ ವಿಧೇಯನಾದವನು ಅದಕ್ಕೆ ವಿರುದ್ಧವಾದ ಕಾಯಿದೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರೆ ಅದು ದಂಗೆಯಲ್ಲ.

ಇನ್ನು ಅಧಿಕಾರವು ನೇರವಾಗಿ ಪಾಪವನ್ನೇ ಮಾಡೆಂದು ಆಜ್ಞಾಪಿಸಿದರೆ? ಅಂಥ ಆಜ್ಞೆಯನ್ನು ಪಾಲಿಸದಿರುವುದು ಪೌರನ ಅಂತಃಸಾಕ್ಷಿಯ ಕರ್ತವ್ಯವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಬೋಧಿಸುತ್ತದೆ. ಆಸ್ಟ್ರಿಯ ದೇಶದ ಒಂದು ಹಳ್ಳಿಯ ರೈತ, ತನ್ನ ದೇವಾಲಯದ ಸೇವಕನೂ ಆಗಿದ್ದ ಫ್ರಾನ್ಸ್ ಯೇಗರ್‌ಸ್ಟೆಟರ್, ಹಿಟ್ಲರನ ಅನ್ಯಾಯದ ಯುದ್ಧದಲ್ಲಿ ಹೋರಾಡಲು ನಿರಾಕರಿಸಿದ. ಕುಟುಂಬವನ್ನು ನೆನೆದು ಮಣಿಯಬೇಕೆಂದು ಗುರುಗಳೂ ಧರ್ಮಾಧ್ಯಕ್ಷರೂ ಬುದ್ಧಿ ಹೇಳಿದರು. ಅವರ ಮೇಲಿನ ಗೌರವವನ್ನು ಅವನು ಬಿಡಲಿಲ್ಲ, ತನ್ನ ನಿಲುವನ್ನೂ ಬಿಡಲಿಲ್ಲ. 1943ರಲ್ಲಿ ಅವನ ತಲೆ ಕಡಿಯಲಾಯಿತು. 2007ರಲ್ಲಿ ಧರ್ಮಸಭೆ ಅವನನ್ನು ಧನ್ಯನೆಂದು ಘೋಷಿಸಿತು. ಇಂಥ ಗಳಿಗೆ ಎಲ್ಲರ ಬಾಳಿನಲ್ಲೂ ಬಾರದು. ಬಂದಾಗ ಎದ್ದು ನಿಲ್ಲಬೇಕಾದರೆ ದಿನನಿತ್ಯದ ಸಣ್ಣ ವಿಷಯಗಳಲ್ಲಿ ಅಂತಃಸಾಕ್ಷಿಯನ್ನು ಎಚ್ಚರವಾಗಿಟ್ಟಿರಬೇಕು.

ನೆರೆಯ ರೈತರಿಂದ ಕಲಿಯುವುದು

ಅಧಿಕಾರದೊಡನೆ ಮಾತನಾಡುವುದು ಹೇಗೆಂಬುದಕ್ಕೆ ದೇವನಹಳ್ಳಿ ತಾಲೂಕಿನಲ್ಲೇ ಒಂದು ಪಾಠವಿದೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳಲು ಸರಕಾರ ಹೊರಟಾಗ ಅಲ್ಲಿನ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. ಸರಕಾರ ಬದಲಾಯಿತು, ಧರಣಿ ನಿಲ್ಲಲಿಲ್ಲ. ಮೂರು ವರ್ಷಗಳಿಗೂ ಮಿಕ್ಕಿ ಕುಳಿತರು. ಕೊನೆಗೆ 2025ರ ಜುಲೈ 15ರಂದು ಭೂಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಘೋಷಿಸಿದರು.

ಆ ಹೋರಾಟ ನಮ್ಮ ಸಮುದಾಯದ್ದಲ್ಲ. ಅದು ಎಲ್ಲ ಜಾತಿಗಳ ಒಕ್ಕಲು ಮಕ್ಕಳದು. ಆದರೂ ಅದರಲ್ಲಿ ನಾವು ಕಾಣಬೇಕಾದ ಅಂಶಗಳಿವೆ. ಅವರು ಒಂದು ದಿನದ ಆವೇಶವನ್ನು ನೆಚ್ಚಲಿಲ್ಲ. ತಮ್ಮ ಬೇಡಿಕೆ ಏನೆಂಬುದು ಅವರಲ್ಲಿ ಪ್ರತಿಯೊಬ್ಬರಿಗೂ ತಿಳಿದಿತ್ತು. ನೆರೆಹೊರೆಯವರನ್ನು ಜೊತೆಗೂಡಿಸಿಕೊಂಡರು. ನಮ್ಮ ಸ್ಮಶಾನಗಳ, ಪ್ರಾರ್ಥನಾ ಸ್ಥಳಗಳ ವಿಷಯದಲ್ಲಿ ನಮ್ಮ ಊರಿನ ಹಿಂದೂ, ಮುಸ್ಲಿಂ ಬಂಧುಗಳೇ ನಮ್ಮ ಪರ ಸಾಕ್ಷಿ ನುಡಿದರೆ ಹೊರಗಿನವರ ಆಕ್ಷೇಪಕ್ಕೆ ತೂಕವಿರದು. ಆ ಸ್ನೇಹವನ್ನು ಸಂಕಟ ಬಂದ ಮೇಲೆ ಬೆಳೆಸಲಾಗದು, ಮೊದಲೇ ಬೆಳೆಸಿರಬೇಕು.

ಈಗ ಆಗಬೇಕಾದ ಕೆಲಸ

ಹಾಗಾದರೆ ನಮ್ಮ ಧರ್ಮಕೇಂದ್ರಗಳಲ್ಲಿ ಏನಾಗಬೇಕು? ಮೊದಲನೆಯದಾಗಿ, ಕಾಗದಪತ್ರ. ಪ್ರತಿಯೊಂದು ದೇವಾಲಯ, ಸ್ಮಶಾನ, ಗವಿ, ಶಿಲುಬೆ ಹಾದಿಯ ಬೆಟ್ಟ ಯಾವ ಸರ್ವೆ ನಂಬರಿನಲ್ಲಿದೆ, ಮಂಜೂರಾತಿ ಆದೇಶ ಎಲ್ಲಿದೆ, ಅದರಲ್ಲಿ ಯಾವ ಷರತ್ತುಗಳಿವೆ, ಪಹಣಿಯಲ್ಲಿ ಯಾರ ಹೆಸರಿದೆ ಎಂಬುದು ಪಾಲನಾ ಸಮಿತಿಗೆ ತಿಳಿದಿರಬೇಕು. ಇಲ್ಲದ ದಾಖಲೆಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿ ಪಡೆಯಬಹುದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡಬೇಕೆಂಬುದು ಅದರ ನಿಯಮ. ಮಂಜೂರಾತಿಯ ಉದ್ದೇಶಕ್ಕೂ ನಾವು ಕಟ್ಟಿದ್ದಕ್ಕೂ ಹೊಂದಿಕೆಯಿಲ್ಲದಿದ್ದರೆ ಅದನ್ನು ಮರೆಮಾಚದೆ, ಸಕ್ರಮಕ್ಕಾಗಿ ಈಗಲೇ ಮನವಿ ಸಲ್ಲಿಸುವುದು ಪ್ರಾಮಾಣಿಕತೆ. ಹೊಸ ಪ್ರತಿಮೆ ನಿಲ್ಲಿಸುವ ಉತ್ಸಾಹಕ್ಕೆ ಮುನ್ನ ಅನುಮತಿ ಪತ್ರ ಕೈಯಲ್ಲಿರಲಿ. ಸೀಸರನಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದರಲ್ಲಿ ಇದೂ ಒಂದು.

ಎರಡನೆಯದಾಗಿ, ಅಧಿಕಾರಿಗಳು ಬಂದಾಗ ಕೈಗೊಳ್ಳಬೇಕಾದ ಕ್ರಮ. ತಡೆಗಟ್ಟಿ ನೂಕಾಡುವುದು ಬೇಡ. ಲಿಖಿತ ಆದೇಶ ತೋರಿಸಿರೆಂದು ವಿನಯದಿಂದ ಕೇಳುವುದು, ಪ್ರತಿ ಪಡೆಯುವುದು, ಕಾಲಾವಕಾಶ ಕೋರಿ ಮನವಿ ಕೊಟ್ಟು ಸ್ವೀಕೃತಿ ಪಡೆಯುವುದು, ಕೂಡಲೇ ಮಹಾಧರ್ಮಪ್ರಾಂತದ ಕಚೇರಿಗೂ ವಕೀಲರಿಗೂ ತಿಳಿಸುವುದು ಇವು ನಮ್ಮ ಹಕ್ಕುಗಳು. ತಹಶೀಲ್ದಾರರ ಮೇಲೆ ಉಪವಿಭಾಗಾಧಿಕಾರಿಗಳಿದ್ದಾರೆ, ಅವರ ಮೇಲೆ ಜಿಲ್ಲಾಧಿಕಾರಿಗಳಿದ್ದಾರೆ, ಎಲ್ಲರ ಮೇಲೆ ನ್ಯಾಯಾಲಯವಿದೆ. ಪೌಲರು ಏರಿದ ಮೆಟ್ಟಿಲುಗಳೂ ಇಂಥವೇ.

ಮೂರನೆಯದಾಗಿ, ಒಳಗಿನ ಶಿಸ್ತು. ಪಾಲನಾ ಸಮಿತಿಯ ಸಭೆ ವರ್ಷಕ್ಕೊಮ್ಮೆ ಹಬ್ಬದ ಖರ್ಚು ಹಂಚಲು ಮಾತ್ರ ಸೇರಬಾರದು. ಅಲ್ಲಿ ಹೆಂಗಸರೂ ಯುವಕರೂ ಕೂಲಿಕಾರರೂ ಕುಳಿತು ಮಾತನಾಡಬೇಕು. ಗುರುಗಳ ತೀರ್ಮಾನದ ಬಗ್ಗೆ ಆಕ್ಷೇಪವಿದ್ದವರು ಅದನ್ನು ಸಭೆಯಲ್ಲಿ ಅವರ ಮುಖದೆದುರೇ ಹೇಳಬೇಕು. ಚಹಾದಂಗಡಿಯಲ್ಲಿ, ಮೊಬೈಲಿನ ಗುಂಪುಗಳಲ್ಲಿ ಹೆಸರು ಮರೆಸಿ ಹೇಳುವುದು ಗೌರವವೂ ಅಲ್ಲ, ಧೈರ್ಯವೂ ಅಲ್ಲ. ಅಂತಿಯೋಕ್ಯದಲ್ಲಿ ಪೌಲರು ಪೇತ್ರರನ್ನು ಎದುರಿಸಿದ್ದು ಎಲ್ಲರ ಮುಂದೆ, ಮುಖಾಮುಖಿಯಾಗಿ. ಅದರ ನಂತರವೂ ಇಬ್ಬರೂ ಒಂದೇ ಧರ್ಮಸಭೆಯ ಸ್ತಂಭಗಳಾಗಿ ಉಳಿದರು. ಮತ್ತು ತೀರ್ಮಾನವು ಪಾಪಕರವಲ್ಲದ, ಕೇವಲ ನಮ್ಮ ಇಷ್ಟಕ್ಕೆ ವಿರುದ್ಧವಾದ ಪಕ್ಷದಲ್ಲಿ, ಹೇಳಬೇಕಾದುದನ್ನು ಹೇಳಿದ ಮೇಲೆ ಒಗ್ಗಟ್ಟಿನಿಂದ ಅದನ್ನು ನಡೆಸಿಕೊಡುವುದು ನಮ್ಮ ಕರ್ತವ್ಯ. ಪ್ರತಿಯೊಂದು ಭಿನ್ನಾಭಿಪ್ರಾಯವೂ ಅಂತಃಸಾಕ್ಷಿಯ ಪ್ರಶ್ನೆಯಲ್ಲ. ಎಷ್ಟೋ ಬಾರಿ ಅದು ನಮ್ಮ ಅಭಿಮಾನದ ಪ್ರಶ್ನೆ.

ಕೊನೆಯದಾಗಿ ನಮ್ಮ ಪಾಲಕರಲ್ಲಿ ಒಂದು ವಿನಂತಿ. ಜನ ತಾಳ್ಮೆಯಿಂದಿರಲೆಂದು ನೀವು ಕೇಳುವಾಗ ಆ ತಾಳ್ಮೆಯ ಅವಧಿಯಲ್ಲಿ ಏನು ನಡೆಯುತ್ತಿದೆಯೆಂಬುದನ್ನೂ ತಿಳಿಸಿರಿ. ಯಾವ ಅರ್ಜಿ ಯಾವ ಕಚೇರಿಯಲ್ಲಿದೆ, ಯಾವ ವ್ಯಾಜ್ಯ ಯಾವ ಹಂತದಲ್ಲಿದೆ ಎಂಬುದನ್ನು ಭಾನುವಾರದ ಪ್ರಕಟಣೆಗಳಲ್ಲಿ ಒಂದು ಮಾತು ಹೇಳಿದರೆ ಸಾಕು. ಮಾಹಿತಿಯಿಲ್ಲದ ತಾಳ್ಮೆ ಬೇಗ ನಿರಾಶೆಯಾಗುತ್ತದೆ. ಮಾಹಿತಿಯುಳ್ಳ ತಾಳ್ಮೆ ನಿರೀಕ್ಷೆಯಾಗಿ ಉಳಿಯುತ್ತದೆ. ಕುರಿಗಳು ಕುರುಬನ ದನಿಯನ್ನು ಗುರುತಿಸುತ್ತವೆ ಎಂದ ಪ್ರಭುವೇ, ಕುರುಬನೂ ಪ್ರತಿಯೊಂದು ಕುರಿಯನ್ನು ಹೆಸರಿನಿಂದ ಬಲ್ಲನೆಂದು ಹೇಳಿದ್ದಾನೆ. ಆಲಿಸುವುದೂ ಕೇಳುವುದೂ ಎರಡು ಕಡೆಯವರಿಗೂ ಸೇರಿದ ಕರ್ತವ್ಯ. ಮುಂದಿನ ತಪಸ್ಸು ಕಾಲ ಬರುವ ಮೊದಲು ಪ್ರತಿಯೊಂದು ಧರ್ಮಕೇಂದ್ರವೂ ತನ್ನ ಸ್ಮಶಾನದ ಕಾಗದಗಳನ್ನು ಒಮ್ಮೆ ತೆಗೆದು ನೋಡಿದರೂ ಈ ಬರಹದ ಉದ್ದೇಶ ಸಫಲವಾದಂತೆ.